ಒಸೀತ್ ದಾಟಿದ ಹೊಳೆ

ಮಿಸಾಗ್ವಾಶ್ ಅಂಥ ದೊಡ್ಡ ಹೊಳೆಯೇನಲ್ಲ. ಕಡಲು ಇಳಿದ ಹೊತ್ತಿಗೆ ಬರೀ ಕೆಂಪು ಕೆಸರು. ಆದರೆ ಕಡಲಾಚೆಯಿಂದ ಬಂದ ಫ್ರೆಂಚ್ ರೈತರು ಬೇರೂರಿದ್ದ ಅಕಾಡಿಯದ ಆ ಮೂಲೆಯಲ್ಲಿ ಆಚೆ ದಡ ತಮ್ಮದೆಂದು ಫ್ರೆಂಚರು ಕೂತರು, ಈಚೆ ದಡ ತಮ್ಮದೆಂದು ಇಂಗ್ಲಿಷರು ಬಂದರು. ಒಸೀತಳ ಮನೆ ಈಚೆಗಿತ್ತು. ಅವಳ ಗಂಡ ಗ್ರೆಗ್ವಾರ್ ಉಪ್ಪುನೀರಿಗೆ ಒಡ್ಡು ಕಟ್ಟಿ, ಜೌಗಿನಲ್ಲಿ ಗೋಧಿ ಬೆಳೆದವನು.

"ನೀವು ನಮ್ಮವರು, ಆಚೆ ಬನ್ನಿ" ಎಂದು ಫ್ರೆಂಚರು ಹೇಳಿಕಳಿಸಿದರು. ಯಾರೂ ಕದಲಲಿಲ್ಲ. ಇಂಗ್ಲಿಷರ ಹಡಗು ಕಂಡ ದಿನ ಫ್ರೆಂಚರ ಕಡೆಯವರೇ ಬಂದು ಊರಿಗೆ ಬೆಂಕಿ ಇಟ್ಟರು. ಅತ್ತೆ ಬ್ರಿಜಿತ್ ಹೊಸಿಲ ಮೇಲೆ ಕೂತುಬಿಟ್ಟಳು.

"ಏಳಿ ಅತ್ತೆ, ಸೂರು ಹತ್ಕೊಂಡಿದೆ."

"ನಮ್ಮವ್ರೇ ಇಟ್ಟ ಬೆಂಕಿ ತಾನೇ? ನಮ್ಮನ್ನ ಸುಡಲ್ಲ ಬಿಡು."

ಒಸೀತ್ ಮುದುಕಿಯನ್ನು ಅನಾಮತ್ತಾಗಿ ಎತ್ತಿ ಗಾಡಿಯಲ್ಲಿ ಕೂರಿಸಿ, ಹಸುವನ್ನು ಹಿಂದೆ ಕಟ್ಟಿ, ಹೊಳೆ ದಾಟಿದಳು.

ಆಚೆ ಸಿಕ್ಕಿದ್ದು ಒಂದು ಗುಡಿಸಲು. ಫ್ರೆಂಚರ ಕೋಟೆಗೆ ಮಣ್ಣು ಹೊರುವುದು ಗ್ರೆಗ್ವಾರನ ಪಾಲಿಗೆ ಬಂತು. ಸಂಜೆ ಬಂದವನು ಗೋಡೆಗೊರಗಿ ತನ್ನ ಹೊಲದ ದಿಕ್ಕಿಗೇ ನೋಡುತ್ತಿದ್ದ. ಒಡ್ಡು ಒಡೆದು ಉಪ್ಪುನೀರು ನುಗ್ಗಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಆ ದಡದಲ್ಲಿ ಈಗ ಇಂಗ್ಲಿಷರಿದ್ದರು, ಹೋಗುವಂತಿರಲಿಲ್ಲ.

ಕೆಲವು ವರ್ಷಕ್ಕೆ ಇಂಗ್ಲಿಷರ ಫಿರಂಗಿ ಬಂದು ಆ ಕೋಟೆಯೂ ಬಿತ್ತು. ಗಂಡಸರೆಲ್ಲ ಕೋಟೆಗೆ ಬರಬೇಕು, ಏನೋ ಆಜ್ಞೆ ಓದುತ್ತಾರೆ ಎಂದು ಸಾರಿದರು.

"ಹೋಗ್ಬೇಡಿ. ಕಾಡು ಹತ್ರಾನೇ ಇದೆ, ಹೋಗೋಣ" ಎಂದಳು ಒಸೀತ್.

"ಸಾಕಾಯ್ತು ಕಣೇ. ಇನ್ನೊಂದ್ಸಲ ಓಡೋ ಶಕ್ತಿ ನಂಗಿಲ್ಲ. ಅದೇನು ಹೇಳ್ತಾರೋ ಕೇಳ್ಕೊಂಡು ಬರ್ತೀನಿ. ಸಾರು ಬಿಸಿ ಇಟ್ಟಿರು."

ಒಳಗೆ ಹೋದವರ ಹಿಂದೆ ಬಾಗಿಲು ಹಾಕಿದರು. ಅವರನ್ನು ಹಡಗಿಗೆ ತುಂಬುತ್ತಾರಂತೆ ಎಂಬ ಸುದ್ದಿ ಬಂದಾಗ ಒಸೀತ್ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಕಾಡು ಸೇರಿದಳು. ಆ ಚಳಿಗಾಲ ಮುದುಕಿ ಹೋದಳು. ನೆಲ ಹೆಪ್ಪುಗಟ್ಟಿತ್ತು, ಹೂಳಲಾಗದೆ ಒಸೀತ್ ಕೊಂಬೆ ಮುಚ್ಚಿ, ವಸಂತದವರೆಗೆ ಕಾದಳು.

ಯುದ್ಧ ಮುಗಿಯಿತು, ನಾಡೆಲ್ಲ ಇಂಗ್ಲಿಷರದಾಯಿತು. ಉಳಿದವರು ಮೆಮ್ರಾಮ್ಕುಕ್ ಕಣಿವೆಯಲ್ಲಿ ಮತ್ತೆ ಒಡ್ಡು ಕಟ್ಟತೊಡಗಿದರು. ಗ್ರೆಗ್ವಾರ್, ಅವರನ್ನು ಸಾಗಿಸುತ್ತಿದ್ದ ದೂರದ ಇಂಗ್ಲಿಷ್ ವಸಾಹತು ಕ್ಯಾರೊಲಿನಾ ಮುಟ್ಟುವ ಮೊದಲೇ ಹಡಗಿನಲ್ಲಿ ಜ್ವರದಿಂದ ಸತ್ತನೆಂದು ಅಲ್ಲಿಂದ ನಡೆದುಕೊಂಡು ಬಂದವನೊಬ್ಬ ಹೇಳಿದ. ಒಸೀತ್ ಇಷ್ಟು ವರ್ಷ ಕಾದದ್ದು ಸತ್ತವನಿಗಾಗಿ. ಅವಳಿಗೆ ಅಳು ಬರಲಿಲ್ಲ, ನಿದ್ದೆ ಬಂತು. ಮರುವರ್ಷ ಸಿಲ್ವೆಂ ಎಂಬ ವಿಧುರನನ್ನು ಮದುವೆಯಾದಳು.

ಒಡ್ಡು ನಿಂತು ಮೊದಲ ಬೆಳೆ ಬಂದಾಗ ಕುದುರೆಯ ಮೇಲೊಬ್ಬ ಗುಮಾಸ್ತ ಬಂದ. ಈ ಕಣಿವೆ ಯಾರೋ ಇಂಗ್ಲಿಷ್ ದೊರೆಯದಂತೆ. ಗೇಣಿ ಕೊಡಬೇಕು, ಇಲ್ಲವೇ ಬಿಡಬೇಕು.

ಸಿಲ್ವೆಂ ಹೆಂಡತಿಯ ಮುಖ ನೋಡಿದ. "ಏನ್ಮಾಡೋಣ? ಮೇಲಕ್ಕೆ, ಇನ್ನೂ ಉತ್ತರಕ್ಕೆ ಹೋಗೋಣ್ವಾ?"

ಒಸೀತ್ ಬಟಾಣಿ ಸುಲಿಯುತ್ತಿದ್ದಳು. "ನೀವು ಹೋಗೋದಾದ್ರೆ ಹೋಗಿ. ನಾನಂತೂ ಏಳಲ್ಲ. ಬೇಕಾದವ್ರು ಬಂದು ಎತ್ಕೊಂಡು ಹೋಗ್ಲಿ."

ಗುಮಾಸ್ತನಿಗೆ ಅವಳ ಮಾತು ಅರ್ಥವಾಗಲಿಲ್ಲ. ಸಿಲ್ವೆಂ ನಿಟ್ಟುಸಿರುಬಿಟ್ಟು, ಗೇಣಿಗೆ ಒಪ್ಪಿಕೊಂಡ. ಮುಂದೆಯೂ ಆ ನೆಲ ಅವರ ಹೆಸರಿಗೆ ಬರಲಿಲ್ಲ. ಒಸೀತ್ ಮಾತ್ರ ಸಾಯುವವರೆಗೂ ಅಲ್ಲಿಂದ ಕದಲಲಿಲ್ಲ.