ಸೂಪರ್‌ವೈಸರ್ ಸುಚಿತ್ರಾಳ ಬುತ್ತಿ

ಮೇಡ್ಲೇರಿಯ ಸುಚಿತ್ರಾಗೆ ಆಸೆಯನ್ನು ಮುಚ್ಚಿಡಲು ಬರುವುದಿಲ್ಲ. ರಾಣೆಬೆನ್ನೂರಿನ ಒಂದು ಘಟಕದಲ್ಲಿ ಬಿತ್ತನೆಗೆ ಹೋಗುವ ಗೋವಿನಜೋಳ ಆರಿಸುತ್ತ ವರ್ಷಗಳನ್ನು ಕಳೆದವಳು. ಸೂಪರ್‌ವೈಸರ್ ಕೆಲಸ ಖಾಲಿಯಾದಾಗ ಮಾಲೀಕರು ಬಂದು, ಗಂಡಸರತ್ತ ನೋಡುತ್ತ, "ಯಾರು ಮಾಡ್ತೀರಿ?" ಎಂದು ಕೇಳಿದರು.

"ನಾ ಮಾಡ್ತೇನ್ರಿ. ನನಗ ಆ ಕೆಲಸ ಬೇಕ್ರಿ," ಎಂದಳು ಇವಳು.

ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಇದೇ ಮಾತನ್ನು ಗಂಡಸು ಆಡಿದ್ದರೆ ಹುರುಪಿನವ ಎನ್ನುತ್ತಿದ್ದರು. ಇವಳಿಗೆ ಸೊಕ್ಕು ಎಂದರು. ಈ ಕತೆ ಕೇಳಿದ ನನಗಂತೂ ಮೈ ಉರಿಯಿತು.

ಗಂಡ ಮೈಲೇಶನ ತಕರಾರೇನೂ ಇರಲಿಲ್ಲ. "ಮಾಡು. ಮುಂಜಾನೆ ಹಿಟ್ಟು ನಾ ನಾದತೇನಿ. ರೊಟ್ಟಿ ಬಡಿಯೂದು ಮಾತ್ರ ನನ್ನ ಕೈಲೆ ಆಗಂಗಿಲ್ಲ," ಎಂದ.

ಅವಳ ಅಂಜಿಕೆಯೇ ಬೇರೆ. ಘಟಕದಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಬೇವಿನ ಮರದ ಕೆಳಗೆ ದುಂಡಗೆ ಕೂತು ಬುತ್ತಿ ಬಿಚ್ಚುತ್ತಾರೆ. ತನ್ನ ಪಲ್ಯ ತಾನೇ ಉಣ್ಣುವವರಿಲ್ಲ. ಒಬ್ಬಳ ಬದನೆಕಾಯಿ ಇನ್ನೊಬ್ಬಳ ರೊಟ್ಟಿಗೆ ಹೋಗಬೇಕು. ಹಿಂದೆ ಮಂಗಳವ್ವ ಎಂಬಾಕೆ ಸೂಪರ್‌ವೈಸರ್ ಆದಾಗ ಯಾರೂ ಆಕೆಗೆ ಪಲ್ಯ ನೀಡಲಿಲ್ಲ. ಜಗಳವಿಲ್ಲ, ಬೈಗುಳವೂ ಇಲ್ಲ. ಕ್ಯಾಬಿನ್‌ನಲ್ಲಿ ಒಬ್ಬಳೇ ಉಂಡು ಉಂಡು ಬೇಸತ್ತು ಆಕೆ ಕೆಲಸ ಬಿಟ್ಟಳು. ಆಗ ಹೆಂಗಸರ ಮುಂದಾಳು ಉಚ್ಚಂಗೆವ್ವ, ಈಗಲೂ ಅವಳೇ.

ಕೆಲಸ ಸುಚಿತ್ರಾಗೇ ಸಿಕ್ಕಿತು. ಅವಳ ಗ್ರಹಚಾರಕ್ಕೆ ಮೊದಲ ದಿನವೇ ಉಚ್ಚಂಗೆವ್ವನ ರಾಶಿಯಲ್ಲಿ ಒಡಕು ಕಾಳು ಕಂಡವು. ಒಡಕು ಕಾಳು ಬಿತ್ತಿದರೆ ರೈತನ ಹೊಲದಲ್ಲಿ ಮೊಳಕೆ ಏಳುವುದಿಲ್ಲ. ನೋಡಿಯೂ ನೋಡದಂತೆ ಹೋಗಬಹುದಿತ್ತು, ಹೋಗಲಿಲ್ಲ.

"ದೊಡ್ಡವ್ವಾ, ಇದನ್ನ ಇನ್ನೊಮ್ಮಿ ಆರಸಬೇಕು ನೋಡು."

ಉಚ್ಚಂಗೆವ್ವ ತುಟಿ ಪಿಟಕ್ಕೆನ್ನದೆ ಮೊರ ಎಳೆದುಕೊಂಡಳು.

ಊಟದ ಹೊತ್ತಿಗೆ ಸುಚಿತ್ರಾ ಮರದ ಕಡೆ ಹೋಗಲೇ ಇಲ್ಲ. ಹೋದಾಗ ಯಾರೂ ಮಾತಾಡಿಸದಿದ್ದರೆ? ಕ್ಯಾಬಿನ್‌ನಲ್ಲಿ ಒಬ್ಬಳೇ ಬುತ್ತಿ ಬಿಚ್ಚಿದಳು. ಕಣ್ಣಲ್ಲಿ ನೀರು ಬಂತು.

ಬಾಗಿಲಲ್ಲಿ ಉಚ್ಚಂಗೆವ್ವ ನಿಂತಿದ್ದಳು. "ಆರಸು ಅಂದಿ, ಆರಿಸೇನಿ. ಈಗ ಉಣ್ಣೂ ಹೊತ್ತು. ಏಳು."

"ನಿನಗ ಸಿಟ್ಟು ಬಂದಿರಬೇಕಂತ ಈ ಕಡೆ ಬಂದ್ನಿ, ದೊಡ್ಡವ್ವಾ."

"ಸಿಟ್ಟು ಬಂದೈತಿ, ಖರೇ. ಸಿಟ್ಟಿಗೆ ಬುತ್ತಿ ಬ್ಯಾರೆ ಮಾಡೂದು ಮಂಗಳವ್ವನ ಕೂಡ ಮಾಡಿ ನೋಡೇವಿ. ಚಲೋ ಅನಿಸಲಿಲ್ಲ." ಮುದುಕಿ ದನಿ ತಗ್ಗಿಸಿದಳು. "ಪ್ಯಾಕಿಂಗ್‌ನ್ಯಾಗ ನನ್ನ ಸೊಸಿ ಅಂಜಲಿ ಅದಾಳಲ್ಲ, ಮುಂದಿನ ಸೂಪರ್‌ವೈಸರ್ ನಾನ ಅಂತ ಹಟಾ ಹಿಡದಾಳ. ನಾಳೆ ಆಕಿ ಇಲ್ಲಿ ಒಬ್ಬಾಕೀನ ಕುಂತು ಉಂಡ್ರ ನನಗ ಸೇರಂಗಿಲ್ಲ."

ಬೇವಿನ ಕೆಳಗೆ ಸುಚಿತ್ರಾಳ ಜಾಗ ಹಾಗೇ ಇತ್ತು. ಕೂತ ಕೂಡಲೇ ರೊಟ್ಟಿಯ ಮೇಲೆ ಎಲ್ಲರ ಮನೆಯ ಪಲ್ಯ ಬಿತ್ತು. ಉಚ್ಚಂಗೆವ್ವನ ಶೇಂಗಾ ಚಟ್ನಿ ಬಹಳ ಖಾರ. ಕಣ್ಣೊರೆಸಿಕೊಳ್ಳಲು ಅದೇ ನೆಪವಾಯಿತು.

ಉಂಡು ಕೈ ತೊಳೆದ ಮೇಲೆ ಅವಳು ಉಚ್ಚಂಗೆವ್ವನ ರಾಶಿಯನ್ನು ಮತ್ತೆ ಕೆದಕಿದಳು. ಒಡಕು ಕಾಳು ಇನ್ನೂ ಇದ್ದವು.

"ದೊಡ್ಡವ್ವಾ, ಇನ್ನೊಮ್ಮಿ."

ಈ ಸಲ ಉಚ್ಚಂಗೆವ್ವ ಬಾಯ್ತುಂಬ ಬೈಯುತ್ತ ಮೊರ ಎತ್ತಿಕೊಂಡಳು. ಬೈಗುಳ ಕೇಳಿ ಸುಚಿತ್ರಾಗೆ ಸಮಾಧಾನವಾಯಿತು.