ಪೆನ್ಸಿಲ್ ಗುರುತನ್ನು ನಂಬಿದ ಎರಡು ತಿಂಗಳು

ಹಳೆಯ ಸಾಮಾನು ಕೊಳ್ಳುವವರಿಗೆ ನಾನು ಹೇಳುತ್ತಿದ್ದ ಮಾತೊಂದಿತ್ತು: ಸಾಮಾನನ್ನಲ್ಲ, ಅದನ್ನು ಮೊದಲು ಬಳಸಿದವರ ಕೈಯನ್ನು ನೋಡಿ. ಇಂದಿರಾನಗರದಲ್ಲಿ ಮುಚ್ಚಿದ ಆಫೀಸುಗಳ ಕುರ್ಚಿ ಮೇಜು ತಂದು ಕೆ.ಆರ್. ಪುರದಲ್ಲಿ ಮಾರುತ್ತ ಅಂಗಡಿ ಕಟ್ಟಿದವಳು ನಾನು. ಕುರ್ಚಿಯ ವಿಷಯದಲ್ಲಿ ಈ ಮಾತು ಒಮ್ಮೆಯೂ ಸುಳ್ಳಾಗಿಲ್ಲ.

ಮಗಳು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಅವಳಿಗೆ ಇಂಗ್ಲಿಷಿನದೇ ಭಯ. ಒಂದು ವಾಕ್ಯ ಕೊಟ್ಟು, ಅದನ್ನು ತಿದ್ದಲು ನಾಲ್ಕು ದಾರಿ ಕೊಟ್ಟು, ಸರಿಯಾದುದನ್ನು ಆರಿಸು ಎನ್ನುತ್ತಾರೆ. ಶಿವಾಜಿನಗರದ ಹಳೇ ಪುಸ್ತಕದವನ ಬಳಿ ಅಂಥದೊಂದು ದಪ್ಪ ಪುಸ್ತಕವಿತ್ತು. ಕೊನೆಯ ಉತ್ತರದ ಹಾಳೆಗಳು ಕಿತ್ತುಹೋಗಿದ್ದವು.

“ಉತ್ತರಾನೇ ಇಲ್ಲ. ಇದನ್ನ ಯಾರಯ್ಯ ತಗೋತಾರೆ?”

“ನೀವೇ ತಗೋತೀರ ಅಕ್ಕ. ಬೆಳಗ್ಗಿಂದ ಬೇರೆ ಯಾರೂ ಅದನ್ನ ಇಷ್ಟು ಬೈದಿಲ್ಲ.”

ಅರ್ಧ ಬೆಲೆಗೆ ತಂದೆ. ಹಿಂದಿನವರು ಪ್ರತಿ ಪ್ರಶ್ನೆಗೂ ಪೆನ್ಸಿಲಿನಲ್ಲಿ ಒಂದು ಉತ್ತರಕ್ಕೆ ಗುರುತು ಹಾಕಿದ್ದರು. ಸಣ್ಣಗೆ, ನೇರವಾಗಿ, ಎಲ್ಲೂ ಅಳಿಸಿ ತಿದ್ದಿರಲಿಲ್ಲ. ಪುಟದ ಮೂಲೆ ಮಡಿಸಿಲ್ಲ, ಕಾಫಿಯ ಕಲೆಯಿಲ್ಲ. ಇದು ತಿಳಿದವರ ಕೈ ಎಂದು ತೀರ್ಮಾನಿಸಿದೆ. ಗುರುತುಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪುಸ್ತಕದಲ್ಲಿದ್ದುದನ್ನು ರಬ್ಬರಿನಿಂದ ಉಜ್ಜಿ ತೆಗೆದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಎ, ಬಿ, ಸಿ, ಡಿ ಹೋಲಿಸಿ ನೋಡಲು ಎಷ್ಟು ಓದು ಬೇಕು?

ಎರಡು ತಿಂಗಳು ಪ್ರತಿ ಸಂಜೆ ಅವಳು ಬರೆದಳು, ನಾನು ಕೆಂಪು ಪೆನ್ನಿನಲ್ಲಿ ತಿದ್ದಿದೆ. ತಪ್ಪಾದುದನ್ನು ನೋಟ್‌ಬುಕ್ ಹೇಳಿದ ಹಾಗೆ ಐದೈದು ಸಲ ಬರೆಸಿ, ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೊಟ್ಟೆ. ಮೊದಲು ಇಪ್ಪತ್ತಕ್ಕೆ ಹತ್ತು ತಪ್ಪಾಗುತ್ತಿದ್ದುದು ಬರಬರುತ್ತ ಮೂರಕ್ಕೆ ಇಳಿಯಿತು.

ಪರೀಕ್ಷೆಗೆ ಹದಿನಾರು ದಿನವಿತ್ತು. ಮೇಲಿನ ಮನೆಗೆ ಹೊಸದಾಗಿ ಬಂದಿದ್ದ ಹುಬ್ಬಳ್ಳಿ ಕಡೆಯ ಹೆಂಗಸು ಒಂದು ಮೇಜು ಬೇಕೆಂದು ಬಂದರು. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷಿನಲ್ಲೇ ಬರೆಯುವವರು. ಅವರಿಗೆ ಮೇಜು ಅಳೆದು ತೋರಿಸುತ್ತಲೇ ಪುಸ್ತಕವನ್ನೂ ಮಗಳ ಹಾಳೆಗಳನ್ನೂ ಮುಂದಿಟ್ಟೆ, ಹೊಗಳಲಿ ಎಂದು. ಅವರು ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು.

“ಅಕ್ಕಾರ, ಮೊದಲಿನ ಹಾಳ್ಯಾಗ ಹುಡುಗಿ ಬರದದ್ದು ಬರೋಬ್ಬರಿ ಐತ್ರಿ. ಇದಕ್ಕ ತಪ್ಪು ಹಾಕಿದವರು ಯಾರ್ರೀ?”

ನೋಟ್‌ಬುಕ್ ಕೊಟ್ಟೆ. ಪುಸ್ತಕದ ಪಕ್ಕದಲ್ಲಿಟ್ಟು ಎರಡು ಪುಟ ನೋಡಿ ಮುಚ್ಚಿದರು.

“ಈ ಗುರುತು ಹಾಕಿದವರು ಭಾಳ ಧೈರ್ಯದವರು ನೋಡ್ರಿ. ಅರ್ಧಕ್ಕರ್ಧ ತಪ್ಪ ಅದಾವ.”

ನನ್ನ ಕೈಯಲ್ಲಿದ್ದ ಅಳತೆಯ ಟೇಪು ಸರ್ರನೆ ಒಳಗೆ ಸುತ್ತಿಕೊಂಡು ಬೆರಳಿಗೆ ಬಡಿಯಿತು. ನೋವೂ ತಿಳಿಯಲಿಲ್ಲ. ಮಗಳು ಬಾಗಿಲಲ್ಲಿ ನಿಂತಿದ್ದಳು.

“ನಿಂಗೆ ಗೊತ್ತಾಗ್ಲಿಲ್ವೇನೇ?” ಎಂದೆ.

“ನಂದೇ ಸರಿ ಅನ್ನಿಸ್ತಿತ್ತಮ್ಮ. ಆದ್ರೆ ನೀನು ಒಂದ್ಸಲಾನೂ ಯೋಚ್ನೆ ಮಾಡ್ದೆ ತಪ್ಪು ಹಾಕ್ತಿದ್ದೆ. ಅಮ್ಮ ಇಷ್ಟು ಗ್ಯಾರಂಟಿಯಾಗಿ ಹಾಕ್ತಾಳೆ ಅಂದ್ರೆ ನಂಗೇ ಬರಲ್ಲ ಅಂದ್ಕೊಂಡೆ.”

ಮರುದಿನ ಹೊಸ ಪುಸ್ತಕವನ್ನು ಅಚ್ಚಾದ ಬೆಲೆಗೇ ತಂದೆ, ಉತ್ತರದ ಹಾಳೆಗಳನ್ನು ಅಂಗಡಿಯಲ್ಲೇ ಎಣಿಸಿ. ನೀವೂ ಎಣಿಸಿಕೊಳ್ಳಿ. ಮೇಲಿನ ಮನೆಯವರು ದಿನವೂ ಬಂದು ಹೇಳಿಕೊಟ್ಟರು. ಸೀಟು ಎರಡನೆಯ ಪಟ್ಟಿಯಲ್ಲಿ ಸಿಕ್ಕಿತು. ಆದರೆ ನನಗೆ ಇಂದಿಗೂ ನೆನಪಾಗುವುದು ಕೆಂಪು ಪೆನ್ನನ್ನು ಅವಳ ಕೈಗೇ ಕೊಟ್ಟ ಆ ಮೊದಲ ಸಂಜೆ. ಒಂದೊಂದು ಉತ್ತರ ಆರಿಸಿದಾಗಲೂ ಅವಳು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು.

ಉಳಿದ ದಿನಗಳೆಲ್ಲ ನಾನು ಅವಳಿಗೆ ಬೆನ್ನು ಮಾಡಿಯೇ ಕುಳಿತೆ.