ಮೂರನೇ ತಂತಿ ಮನೆಗೆ ಬರಲಿಲ್ಲ

2023ರ ಜನವರಿ. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಫೋರ್‌ಮನ್ ಆಗಿ ನಿವೃತ್ತನಾಗಿ ಕಡೂರಿಗೆ ಬಂದಿದ್ದೆ. ಒಂದು ಹಳೇ ಲೇತು, ಒಂದು ಚಿಕ್ಕ ಮಿಲ್ಲಿಂಗ್ ಮಷೀನು ಇಟ್ಟುಕೊಂಡು ವರ್ಕ್‌ಶಾಪ್ ಶುರು ಮಾಡಿ ಮೂರು ವರ್ಷವಾಗಿತ್ತು. ಟೂಲ್ ರೂಮ್ ಎಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಗೇಜುಗಳನ್ನು ತಯಾರಿಸುವ ಜಾಗ. ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಮ್ಮಿಯಾದರೂ ಮಾಲು ಗುಜರಿಗೆ. ಕಡೂರಿನಲ್ಲಿ ನನ್ನ ಪಾಲಿಗೆ ಬಂದದ್ದು ಬೋರ್‌ವೆಲ್ ಪಂಪಿನ ಬುಷ್ಷು, ತೆಂಗಿನಕಾಯಿ ಸುಲಿಯುವ ಮಷೀನಿನ ಶಾಫ್ಟು, ಟ್ರಾಲಿಯ ಪಿನ್ನು. ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಒಂಚೂರು ಅಡ್ಜಸ್ಟ್ ಮಾಡಿ." ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕೇಸಿನಲ್ಲಿ ನಾನು ರೇಗದ ಮನುಷ್ಯನೇ ಇಲ್ಲ. ರೇಗಬೇಕಾಗಿದ್ದವನ ಮೇಲೆ ರೇಗಿದ್ದು ಮಾತ್ರ ಎಲ್ಲರಿಗಿಂತ ಕೊನೆಗೆ.

ಆ ತಿಂಗಳು ಅಜ್ಜಂಪುರದಿಂದ ಓಂಕಾರಪ್ಪ ಎಂಬುವರು ಬಂದರು. ಎಪ್ಪತ್ತೆರಡು ವರ್ಷ, ತೆಳ್ಳನೆ ದೇಹ, ಇಸ್ತ್ರಿ ಮಾಡಿದ ಬಿಳಿ ಷರಟು. ಕರವಸ್ತ್ರ ಬಿಚ್ಚಿ ಬೆರಳುದ್ದದ ಒಂದು ಅಲ್ಯೂಮಿನಿಯಂ ತುಂಡನ್ನು ಮೇಜಿನ ಮೇಲಿಟ್ಟರು. "ಇಂಥವು ಹತ್ತು ಬೇಕು ಫೋರ್‌ಮನ್ರೇ. ಪೆಡಲ್ ಸ್ಟೀಲ್ ಗಿಟಾರಿನವು" ಎಂದರು. ನಾನು ಆ ಹೆಸರನ್ನೇ ಕೇಳಿರಲಿಲ್ಲ.

ಅವರೇ ವಿವರಿಸಿದರು. ಇದು ಮಡಿಲಲ್ಲಿಟ್ಟು ನುಡಿಸುವ ಗಿಟಾರಲ್ಲ, ನಾಲ್ಕು ಕಾಲಿನ ಮೇಜಿನ ಹಾಗೆ ನಿಂತಿರುತ್ತದೆ. ಮೇಲೆ ಹತ್ತು ತಂತಿ, ಕೆಳಗೆ ಪೆಡಲ್ಲುಗಳು. ಎಡಗೈಯಲ್ಲಿ ಉಕ್ಕಿನ ಗುಂಡು ಕಂಬಿ ಹಿಡಿದು ತಂತಿಯ ಮೇಲೆ ಜಾರಿಸುತ್ತಾ, ಕಾಲಲ್ಲಿ ಪೆಡಲ್ ಒತ್ತಿದರೆ ಸ್ವರ ಮೇಲಕ್ಕೆ ಏರುತ್ತದೆ. ಪೆಡಲ್ ಬಿಟ್ಟರೆ ಮೊದಲಿದ್ದ ಜಾಗಕ್ಕೇ ಇಳಿಯಬೇಕು. ತಂತಿಯನ್ನು ಹೀಗೆ ಎಳೆದು ಬಿಡುವ ತುಂಡಿಗೆ ಚೇಂಜರ್ ಫಿಂಗರ್ ಎಂದು ಹೆಸರು. ತಂತಿಗೊಂದರಂತೆ ಹತ್ತು ಫಿಂಗರು, ಪ್ರತಿಯೊಂದರ ನಡುವೆ ಒಂದು ತೂತು, ಹತ್ತೂ ತೂತುಗಳ ಮೂಲಕ ಹಾದುಹೋಗುವ ಒಂದೇ ಉಕ್ಕಿನ ಆಕ್ಸಲ್. ಫಿಂಗರು ಆ ಆಕ್ಸಲಿನ ಮೇಲೆ ಲೂಸಾಗದೆ ತಿರುಗಬೇಕು.

ವಾದ್ಯ ಅಮೆರಿಕದ್ದು. ಮದ್ರಾಸಿನ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಒಬ್ಬರು ಕಸುಬು ಬಿಟ್ಟಾಗ ಓಂಕಾರಪ್ಪ ಅದನ್ನು ಕೊಂಡು ತಂದಿದ್ದರಂತೆ. ನಲವತ್ತು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಅದನ್ನೇ ನುಡಿಸಿ ಬದುಕಿದ್ದರು. ಆ ಮಾಡೆಲ್ ನಿಂತುಹೋಗಿ ಕಾಲವಾಗಿತ್ತು, ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಬೆಂಗಳೂರಿನ ಯಾವನೋ ರಿಪೇರಿಯವನು ತಂತಿ ಕೂರುವ ತುದಿಯ ಸವೆದ ಜಾಗಕ್ಕೆ ಅಂಟು ಮೆತ್ತಿ, ಮೇಲೆ ಬೆಳ್ಳಿ ಬಣ್ಣ ಬಳಿದು ಕೊಟ್ಟಿದ್ದ. ಅದನ್ನು ಉಗುರಿನಿಂದ ಕೆರೆದು ನೋಡಿ ನಾನು ಆ ಕಾಣದ ಮನುಷ್ಯನಿಗೆ ಹತ್ತು ನಿಮಿಷ ಬೈದೆ.

"ಫೆಬ್ರವರಿಗೆ ಮದುವೆ ಸೀಸನ್ ಶುರುವಾಯ್ತದೆ" ಎಂದರು ಓಂಕಾರಪ್ಪ. "ನಮ್ಮ ಆರ್ಕೆಸ್ಟ್ರಾ ಚಂದ್ರಣ್ಣ ಹೇಳ್ಬಿಟ್ಟವ್ನೆ. ಇದು ಸರಿಯಾದ್ರೆ ನಾನು, ಇಲ್ಲಾಂದ್ರೆ ಕೀಬೋರ್ಡು. ವಾದ್ಯ ಇಲ್ಲಿಗೇ ತರ್ಲಾ?"

"ವಾದ್ಯ ಯಾಕೆ? ಸ್ಯಾಂಪಲ್ ಇದೆಯಲ್ಲ, ಸಾಕು" ಎಂದೆ.

ನಮ್ಮೂರ ಕಡೆಯ ಲೇತ್ ಅಂಗಡಿಗಳ ಪದ್ಧತಿಯೇ ಅದು. ಯಾರೂ ಡ್ರಾಯಿಂಗ್ ತರುವುದಿಲ್ಲ. ಹಳೆಯದನ್ನು ತಂದು ಕೊಡುತ್ತಾರೆ, ನಾವು ಅಂಥದ್ದೇ ಇನ್ನೊಂದು ಮಾಡಿಕೊಡುತ್ತೇವೆ. ಡ್ರಾಯಿಂಗ್ ಇಲ್ಲದೆ ಕೆಲಸ ಮುಟ್ಟದ ನಾನು ಮೂರೇ ವರ್ಷದಲ್ಲಿ ಆ ಪದ್ಧತಿಗೆ ಒಗ್ಗಿಹೋಗಿದ್ದೆ.

ಡಿಜಿಟಲ್ ವರ್ನಿಯರಿನಲ್ಲಿ ತೂತನ್ನು ಅಳೆದೆ. 9.62 ಮಿಲಿಮೀಟರ್. ಹದಿನೆಂಟು ದಿನ ಕೂತು ಗಟ್ಟಿ ಅಲ್ಯೂಮಿನಿಯಂನಲ್ಲಿ ಹತ್ತು ಫಿಂಗರು ಮಾಡಿದೆ. ಹತ್ತರ ತೂತೂ 9.62. ಒಂದಕ್ಕೂ ಇನ್ನೊಂದಕ್ಕೂ ನೂರನೇ ಒಂದು ಭಾಗದ ವ್ಯತ್ಯಾಸವೂ ಇರಲಿಲ್ಲ. ಕಡೂರಿನಲ್ಲಿ ಮೊದಲ ಸಲ ನನ್ನ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತೆಂದು ಹಿಗ್ಗಿದೆ.

ಓಂಕಾರಪ್ಪ ಅವನ್ನು ಒಯ್ದು ಜೋಡಿಸಿಕೊಂಡು ಮೂರನೇ ದಿನಕ್ಕೆ ಫೋನ್ ಮಾಡಿದರು. "ಮೂರನೇ ತಂತಿ ಮನೆಗೆ ಬತ್ತಿಲ್ಲ ಫೋರ್‌ಮನ್ರೇ. ಎಲ್ಲಕ್ಕಿಂತ ತೆಳ್ಳಂದು ಅದೇ, ಅದ್ರಲ್ಲೇ ಎದ್ದು ಕೇಳ್ತದೆ. ಪೆಡಲ್ ಬಿಟ್ಮೇಲೆ ಒಂದ್ಸಲ ಕೂದ್ಲೆಳೆಯಷ್ಟು ಕೆಳಗೆ ನಿಲ್ತದೆ, ಒಂದ್ಸಲ ಮೇಲೆ."

"ತಂತಿ ಬದಲಾಯಿಸಿ" ಎಂದೆ.

ಬದಲಾಯಿಸಿದರು. ಮತ್ತೆ ಫೋನ್, ಅದೇ ಮಾತು. ಸ್ಪ್ರಿಂಗ್ ನೋಡಿ ಎಂದೆ, ಎಣ್ಣೆ ಬಿಡಿ ಎಂದೆ. ನಾಲ್ಕನೇ ಫೋನಿಗೆ ನನ್ನ ತಾಳ್ಮೆ ಮುಗಿದಿತ್ತು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಅಳತೆಯನ್ನು ಪ್ರಶ್ನೆ ಮಾಡಿದವರಿರಲಿಲ್ಲ, ಈ ಮುದುಕ ಯಾರು?

ಆ ಭಾನುವಾರ ಬೆಳಿಗ್ಗೆ ಕಡೂರಿನಲ್ಲೇ ಆರ್ಕೆಸ್ಟ್ರಾದ ರಿಹರ್ಸಲ್ ಇತ್ತು. ಚಂದ್ರಣ್ಣ ನನ್ನನ್ನೂ ಕರೆದ. ಹಾರ್ಡ್‌ವೇರ್ ಗೋಡೌನಿನ ಮೇಲಿನ ಒಂದು ಹಾಲು. ಓಂಕಾರಪ್ಪನವರನ್ನು ಬಿಟ್ಟು, ಚಂದ್ರಣ್ಣನೂ ಸೇರಿ ಆರು ಜನ ಕೂತಿದ್ದರು. ಓಂಕಾರಪ್ಪ ನುಡಿಸಿದರು. ನಿಜ ಹೇಳಬೇಕೆಂದರೆ ನನಗೆ ಏನೂ ಗೊತ್ತಾಗಲಿಲ್ಲ, ಚೆನ್ನಾಗಿಯೇ ಕೇಳಿಸಿತು. ಅವರು ಮಾತ್ರ ಅರ್ಧಕ್ಕೆ ನಿಲ್ಲಿಸಿ ತಲೆಯಾಡಿಸಿದರು. "ನೋಡಿ, ಬರ್ಲಿಲ್ಲ."

ನಾನು ಜೇಬಿನಿಂದ ಅಳತೆಯ ಚೀಟಿ ತೆಗೆದು ಹತ್ತೂ ನಂಬರನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, ಅವರ ಕಡೆಗೂ ನೋಡದೆ ಚಂದ್ರಣ್ಣನಿಗೆ ಹೇಳಿದೆ: "ಪಾರ್ಟ್ ಸರಿಯಾಗಿದೆ. ಮೊದಲು ಇವರ ಕಿವಿ ಟೆಸ್ಟ್ ಮಾಡಿಸಿ."

ಯಾರೋ ಕಿಸಕ್ಕೆಂದರು. ಚಂದ್ರಣ್ಣ ಕಾಯುತ್ತಿದ್ದದ್ದೇ ಅಂಥ ಒಂದು ಮಾತಿಗೆ. "ವಯಸ್ಸಾಯ್ತಲ್ಲ ಓಂಕಾರಣ್ಣ, ಈ ಸೀಸನ್ ರೆಸ್ಟ್ ತಗೋ. ಕೀಬೋರ್ಡಲ್ಲೂ ಸ್ಟೀಲ್ ಗಿಟಾರ್ ಸೌಂಡ್ ಬತ್ತದೆ" ಎಂದ. ಓಂಕಾರಪ್ಪ ವಾದ್ಯದ ಕಾಲುಗಳನ್ನು ಒಂದೊಂದಾಗಿ ತಿರುಪಿ ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಮೆಟ್ಟಿಲಿಳಿದು ಹೋದರು. ಸಂಗೀತಗಾರನಿಗೆ ಕಿವಿ ಕೆಟ್ಟಿದೆ ಅನ್ನುವುದು ಡ್ರೈವರಿಗೆ ಕಣ್ಣು ಕಾಣುವುದಿಲ್ಲ ಅಂದಂತೆ. ಅದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡೆ.

ಎರಡು ವಾರ ಕಳೆದಿರಬೇಕು. ಒಬ್ಬ ರೈತ ಪಂಪಿನ ಸವೆದ ಬುಷ್, ಅಂದರೆ ಶಾಫ್ಟು ತಿರುಗುವ ಬಳೆ, ಹಿಡಿದುಕೊಂಡು ಬಂದ. ನಾನು ವರ್ನಿಯರ್ ಎತ್ತಿಕೊಂಡೆ. ಅವನು ಗಾಬರಿಯಿಂದ ಕೈ ಅಡ್ಡ ಇಟ್ಟ.

"ಸಾಮೀ, ಇದಿದ್ದಂಗೇ ಮಾಡ್ಬಿಟ್ಟೀರಾ ಮತ್ತೆ. ಇದು ಸವೆದೋಗದೆ. ಹೊಸದ್ರಲ್ಲಿ ಹೆಂಗಿತ್ತೋ ಹಂಗ್ ಮಾಡಿ."

"ನನಗೆ ಹೇಳಿಕೊಡ್ತೀಯೇನಯ್ಯಾ" ಎಂದು ಗದರಿದೆ. ಗದರಿದ ಮೇಲೆ ಅವನ ಮಾತು ತಲೆಗೆ ಹೊಕ್ಕಿತು. ಅವನನ್ನು ಕೂರಿಸಿ ಒಳಗೆ ಹೋದೆ. ಓಂಕಾರಪ್ಪನವರ ಸ್ಯಾಂಪಲ್ ಇನ್ನೂ ಡ್ರಾಯರಿನಲ್ಲಿತ್ತು. ತೂತನ್ನು ಉದ್ದಕ್ಕೆ ಅಳೆದೆ: 9.62. ಅಡ್ಡಕ್ಕೆ ಅಳೆದೆ: 9.54.

ತೂತು ದುಂಡಗಿರಲೇ ಇಲ್ಲ. ನಲವತ್ತು ವರ್ಷ ತಂತಿ ಒಂದೇ ಕಡೆಗೆ ಜಗ್ಗಿ ಜಗ್ಗಿ ಅದನ್ನು ಮೊಟ್ಟೆಯಾಕಾರಕ್ಕೆ ತಂದಿತ್ತು. ನಾನು ಸವೆದ ದಿಕ್ಕನ್ನಷ್ಟೇ ಅಳೆದು, ಆ ಸವೆತವನ್ನೇ ಹತ್ತು ಹೊಸ ತುಂಡುಗಳಲ್ಲಿ ಅಚ್ಚುಕಟ್ಟಾಗಿ ಕೊರೆದು ಕೊಟ್ಟಿದ್ದೆ. ತೂತನ್ನು ಎರಡು ದಿಕ್ಕಿನಲ್ಲಿ ಅಳೆಯಬೇಕು ಎನ್ನುವುದು ಅಪ್ರೆಂಟಿಸ್‌ಗೆ ಮೊದಲ ವಾರ ಹೇಳಿಕೊಡುವ ಪಾಠ. ಅದನ್ನು ತಪ್ಪಿದವರಿಗೆ ನಾನೇ ಎಷ್ಟು ಸಲ ಉಗಿದಿಲ್ಲ? ಅದೂ ಹೋಗಲಿ. ಅಮೆರಿಕದವರು ಇಂಚಿನ ಜನ. ಎಂಟರಲ್ಲಿ ಮೂರು ಭಾಗ ಇಂಚು ಎಂದರೆ 9.525 ಮಿಲಿಮೀಟರ್. 9.62 ಎನ್ನುವ ಅಳತೆಯನ್ನು ಯಾವ ಎಂಜಿನಿಯರೂ ಡ್ರಾಯಿಂಗಿನಲ್ಲಿ ಬರೆಯುವುದಿಲ್ಲ. ಆ ನಂಬರು ಕಂಡ ಕೂಡಲೇ ನನಗೆ ಅನುಮಾನ ಬರಬೇಕಿತ್ತು. ವ್ಯತ್ಯಾಸ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಆ ಮನುಷ್ಯ ಫೋನಿನಲ್ಲಿ ಹೇಳಿದ್ದೂ ಅಷ್ಟೇ. ಅವರ ಕಿವಿ ನನ್ನ ವರ್ನಿಯರಿಗಿಂತ ಸರಿಯಾಗಿ ಅಳೆದಿತ್ತು. ಆ ಹೊತ್ತು ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಬೇರೆ ಯಾರ ಮೇಲಾದರೂ ತೋರಿಸಿದ್ದರೆ ಜಗಳವಾಗಿಹೋಗುತ್ತಿತ್ತು.

ಮಾರನೇ ದಿನ ಬಸ್ಸು ಹಿಡಿದು ಅಜ್ಜಂಪುರಕ್ಕೆ ಹೋದೆ. ಓಂಕಾರಪ್ಪ ಜಗಲಿಯ ಮೇಲೆ ಕೂತಿದ್ದರು. ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಆಕ್ಸಲ್ ಬಿಚ್ಚಿ ಕೊಡಿ, ಈ ಸಲ ಅದನ್ನೇ ಅಳೆದು ಹತ್ತೂ ಹೊಸದಾಗಿ ಮಾಡಿಕೊಡುತ್ತೇನೆ ಎಂದೆ.

"ಆರು ಜನದ ಮುಂದೆ ಅಂದ್ರಿ" ಎಂದರು ಅವರು. "ಆ ಆರು ಜನಕ್ಕೂ ಹೇಳಿ ಬನ್ನಿ. ಪಾರ್ಟು ಆಮೇಲೆ."

"ಪಾರ್ಟ್ ಸರಿಯಾದರೆ ಅವರಿಗೇ ಗೊತ್ತಾಗುತ್ತಲ್ಲ?"

"ನನ್ನ ಕಿವಿ ಹೋಗೈತೆ ಅಂತ ಹೇಳಿದ್ದು ಪಾರ್ಟಲ್ಲ. ನೀವು."

ಇಷ್ಟು ವಯಸ್ಸಾದರೂ ಎಂಥ ಹಠ ಎಂದು ದಾರಿಯುದ್ದಕ್ಕೂ ಕುದಿಯುತ್ತಲೇ ವಾಪಸ್ ಬಂದೆ. ಆದರೂ ಹೋದೆ. ಮುಂದಿನ ಭಾನುವಾರ ಅದೇ ಹಾಲಿನಲ್ಲಿ ನಾಲ್ಕು ಜನ ಸಿಕ್ಕರು. ತಪ್ಪು ನನ್ನದು, ಅವರ ಕಿವಿ ಸರಿಯಾಗಿದೆ ಎಂದು ಸ್ಯಾಂಪಲ್ ತೋರಿಸಿ ಹೇಳಿದೆ. ಚಂದ್ರಣ್ಣ ಮೊಬೈಲಿನಿಂದ ತಲೆಯೆತ್ತದೆ, "ಆಗ್ಲಿ ಬಿಡಿ ಸಾರ್, ಈ ಸೀಸನ್‌ಗೆ ಕೀಬೋರ್ಡೇ ಫಿಕ್ಸ್ ಆಗೋಯ್ತು" ಎಂದ. ಅವನ ಕತ್ತಿನ ಪಟ್ಟಿ ಹಿಡಿಯಬೇಕೆನಿಸಿತು. ಆದರೆ ಅವನ ಕೈಗೆ ಆ ನೆಪ ಕೊಟ್ಟವನು ನಾನೇ.

ಉಳಿದವರು ಇಬ್ಬರು. ಹಾಡುವ ಸುಜಾತಮ್ಮ ತರೀಕೆರೆಯಲ್ಲಿದ್ದರು. ಅವರ ಮನೆಗೆ ಹೋಗಿ ಹೇಳಿದೆ.

"ನಂಗೆ ಅವತ್ತೇ ಗೊತ್ತಿತ್ತು ಸಾರ್" ಎಂದರು. "ನಾನು ಒಂಚೂರು ಶ್ರುತಿ ತಪ್ಪಿದ್ರೂ ಮೊದ್ಲು ತಿರುಗಿ ನೋಡ್ತಿದ್ದೋರು ಅವ್ರೇ."

"ಹಾಗಿದ್ದರೆ ಅವತ್ತೇ ಹೇಳಬೇಕಿತ್ತಲ್ಲಮ್ಮ."

"ನೀವು ಚೀಟಿ ಹಿಡ್ಕಂಡು ಕೂಗಾಡ್ತಿದ್ರಲ್ಲ, ಯಾರಿಗ್ ಹೇಳೋದು?"

ಆರನೆಯವನು ಡ್ರಮ್ ಬಾರಿಸುವ ರಂಗಸ್ವಾಮಿ, ಪಂಚನಹಳ್ಳಿಯವನು. ತೋಟದಲ್ಲಿ ಕಾಯಿ ಎಣಿಸುತ್ತಿದ್ದ. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದ.

"ಅಯ್ಯೋ, ಹೌದಾ? ನಾನು ಸಿಕ್ಕಸಿಕ್ಕೋರಿಗೆಲ್ಲ ಹೇಳ್ಬಿಟ್ಟಿದೀನಿ ಕಣ್ರೀ, ಓಂಕಾರಣ್ಣಂಗೆ ಕಿವಿ ಹೋಯ್ತು ಅಂತ. ಬೀರೂರಿನ ಪಾರ್ಟಿಯೊಂದು ಅವ್ರೇ ಬೇಕು ಅಂತ ಕೇಳ್ಕಂಡ್ ಬಂದಿತ್ತು. ಬ್ಯಾಡ, ಕೇಳ್ಸಲ್ಲ ಅವ್ರಿಗೆ ಅಂದೆ."

"ಇನ್ನೂ ಎಷ್ಟು ಜನಕ್ಕೆ ಹೇಳಿದ್ದೀಯ?"

"ಅದ್ಯಾವನು ನೆನಪಿಟ್ಕಂಡವ್ನೆ" ಎಂದ. ಅವನಿಗೆ ಬೈಯಲು ಬಾಯಿ ತೆರೆದೆ. ಆದರೆ ಅವನು ಹೊಸದೇನನ್ನೂ ಕಟ್ಟಿರಲಿಲ್ಲ, ನನ್ನ ಮಾತಿನ ಅರ್ಥವನ್ನೇ ಬಿಡಿಸಿ ದಾಟಿಸಿದ್ದ.

ಅಜ್ಜಂಪುರಕ್ಕೆ ಹೋಗಿ ಅದನ್ನೂ ಮುಚ್ಚಿಡದೆ ಹೇಳಿದೆ. ಓಂಕಾರಪ್ಪ ಒಳಗೆ ಹೋಗಿ ಆಕ್ಸಲ್ ಬಿಚ್ಚಿ ತಂದು ನನ್ನ ಕೈಗಿಟ್ಟರು. ಅದೂ ಸ್ವಲ್ಪ ಸವೆದಿತ್ತು. ಹೊಸ ಆಕ್ಸಲ್ ಮಾಡಿ, ಹತ್ತು ಫಿಂಗರುಗಳನ್ನೂ ಮತ್ತೆ ಮಾಡಿ, ಅವರ ಮನೆಯಲ್ಲೇ ಕೂತು ಜೋಡಿಸಿದೆ. ಅವರು ಪೆಡಲ್ ಒತ್ತಿದರು, ಬಿಟ್ಟರು. ಮತ್ತೆ ಒತ್ತಿದರು, ಬಿಟ್ಟರು. ಇಪ್ಪತ್ತು ಸಲ ಪರೀಕ್ಷೆ ಮಾಡಿ, "ಬಂತು" ಎಂದರು. ಅಷ್ಟೇ. ನುಡಿಸಿ ತೋರಿಸಲಿಲ್ಲ, ನುಡಿಸಿ ಎಂದು ಕೇಳುವ ಮುಖ ನನಗೂ ಇರಲಿಲ್ಲ.

ಆ ಸೀಸನ್ ಅವರನ್ನು ಯಾರೂ ಕರೆಯಲಿಲ್ಲ. ಅದರ ಮುಂದಿನ ಸೀಸನ್ನೂ ಕರೆಯಲಿಲ್ಲ. ಈಗಲೂ ಮದುವೆಗಳಲ್ಲಿ ಆರ್ಕೆಸ್ಟ್ರಾದವರು ಸಿಕ್ಕರೆ ನಾನೇ ಹೋಗಿ ಓಂಕಾರಪ್ಪನವರ ವಿಷಯ ತೆಗೆದು ಹೇಳುತ್ತೇನೆ. "ಹೌದಾ ಸಾರ್, ಅವ್ರಿಗೆ ಕಿವಿ ಕೇಳ್ಸಲ್ಲ ಅಂದ್ರಲ್ಲ ಯಾರೋ" ಎನ್ನುತ್ತಾರೆ. ಆ ಯಾರೋ ನಾನೇ ಕಣ್ರಪ್ಪಾ ಎನ್ನುತ್ತೇನೆ. ನಕ್ಕು ಊಟಕ್ಕೆ ಹೋಗುತ್ತಾರೆ.

ವಸ್ತು ಸರಿಯಿಲ್ಲ ಎಂದು ಬಳಸುವವನು ಹೇಳಿದರೆ ಅದು ಸರಿಯಿಲ್ಲ, ಎಲ್ಲಿ ಸರಿಯಿಲ್ಲ ಎಂದು ಹುಡುಕುವುದಷ್ಟೇ ನನ್ನ ಕೆಲಸ. ಇಷ್ಟನ್ನು ಕಲಿಯಲು ನನಗೆ ಅರವತ್ತಮೂರು ವರ್ಷ ಬೇಕಾಯಿತು. ಅದಕ್ಕೆ ದಂಡ ತೆತ್ತವರು ಮಾತ್ರ ಓಂಕಾರಪ್ಪ. ನನ್ನ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.